ದೂರಕ್ಕೆ ಬೀಳುವ ಟಾರ್ಚ್: ಲುಮೆನ್ ನೋಡಿ ಮೋಸ ಹೋಗಬೇಡಿ

ಪುಣೆಯಲ್ಲಿ ಮೊದಲ ಮಳೆ ಬಿದ್ದರೆ ಸಾಕು, ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಟಾರ್ಚಿನದ್ದೇ. ಇಪ್ಪತ್ತು ವರ್ಷದಿಂದ ಸಹ್ಯಾದ್ರಿಯ ಕೋಟೆಗಳಿಗೆ ಜನರನ್ನು ರಾತ್ರಿ ಕರೆದುಕೊಂಡು ಹೋಗುತ್ತಿದ್ದೇನೆ. ಮನೆಯಲ್ಲಿ ಟಾರ್ಚ್ ಬಿಚ್ಚಿ ರಿಪೇರಿಯನ್ನೂ ಮಾಡುತ್ತೇನೆ. ಸೆಲ್ ಹಾಕುವುದು ಹೇಗೆ, ಚಾರ್ಜ್ ಮಾಡುವುದು ಹೇಗೆ ಎಂದು ಕೇಳಿದವರಿಗೆ ಇಲ್ಲಿ ಉತ್ತರವಿಲ್ಲ. ಡಬ್ಬಿಯಲ್ಲಿ ಚೀಟಿ ಇರುತ್ತದೆ, ಓದಿ. ಈ ಸಲ ಒಂದು ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ. ಅದರಲ್ಲಿ ಜನ ದುಡ್ಡು ಕಳೆದುಕೊಳ್ಳುವುದಷ್ಟೇ ಅಲ್ಲ, ಕಾಲೂ ಮುರಿದುಕೊಳ್ಳುತ್ತಾರೆ.

ಪ್ರಶ್ನೆ: 90,000 ಲುಮೆನ್, 5 ಕಿಲೋಮೀಟರ್ ದೂರ ಎಂದು ಬರೆದಿದ್ದ ಟಾರ್ಚನ್ನು ಆನ್‌ಲೈನಿನಲ್ಲಿ 799 ರೂಪಾಯಿಗೆ ತರಿಸಿದೆ. ಸೊಸೈಟಿಯ ಕಾಂಪೌಂಡ್ ದಾಟುವಷ್ಟರಲ್ಲಿ ಬೆಳಕು ಸಪ್ಪೆ. ಇನ್ನೂ ಜಾಸ್ತಿ ಲುಮೆನ್ನಿನದು ಕೊಳ್ಳಬೇಕೇ? ಮಳೆಗಾಲದಲ್ಲಿ ರಾಜಗಡ, ತೋರಣ ಕೋಟೆಗಳಿಗೆ ಹೋಗುವವರಿದ್ದೇವೆ. (ಚಿಂಚವಾಡದ ಓದುಗರು)

ಉತ್ತರ: ಬೇಡ. ಮೊದಲು ಆ 90,000ದ ಲೆಕ್ಕ ನೋಡಿ. ಒಳ್ಳೆಯ ಎಲ್‌ಇಡಿ ಒಂದು ವಾಟಿಗೆ 100ರಿಂದ 150 ಲುಮೆನ್ ಕೊಡುತ್ತದೆ. ಹಾಗಾದರೆ 90,000 ಲುಮೆನ್ನಿಗೆ ಕನಿಷ್ಠ 600 ವಾಟ್ ಬೇಕು. ಮನೆಯ ಮಿಕ್ಸರ್ ಗೋಡೆಯ ಪ್ಲಗ್ಗಿನಿಂದ ಎಳೆಯುವುದು ಹೆಚ್ಚುಕಮ್ಮಿ ಅಷ್ಟೇ. ನಿಮ್ಮ ಟಾರ್ಚಿನ ಒಳಗಿರುವುದು 18650 ಎಂದು ಕರೆಯುವ, ಹೆಬ್ಬೆರಳು ಗಾತ್ರದ ಒಂದು ಲಿಥಿಯಂ ಸೆಲ್. ಒಳ್ಳೆಯದಾದರೂ ಅದರಲ್ಲಿ ಇರುವುದು 12 ವಾಟ್-ಅವರ್ ಚಿಲ್ಲರೆ ಶಕ್ತಿ, ಅಂದರೆ 12 ವಾಟನ್ನು ಒಂದು ಗಂಟೆ ಕೊಡುವಷ್ಟು. ಅದರಿಂದ ಮಿಕ್ಸರ್ ತಿರುಗುತ್ತದೆಯೇ? ಇದು ಉತ್ಪ್ರೇಕ್ಷೆಯಲ್ಲ, ಶುದ್ಧ ಸುಳ್ಳು. ಇಂಥದ್ದನ್ನು ಮಾರುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ಇನ್ನು ದೂರದ ವಿಷಯ. ಲುಮೆನ್ ಅಂದರೆ ಟಾರ್ಚಿನಿಂದ ಹೊರಬರುವ ಒಟ್ಟು ಬೆಳಕು. ಅದು ಎಷ್ಟು ದೂರ ಹೋಗುತ್ತದೆ ಎನ್ನುವುದಕ್ಕೆ ಬೇರೆ ಅಳತೆ ಇದೆ, ಕ್ಯಾಂಡೆಲಾ. ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರೆ ನೀರು ದೂರ ಚಿಮ್ಮುತ್ತದೆ ಅಲ್ವಾ? ನಲ್ಲಿ ಎಷ್ಟು ತಿರುಗಿಸಿದ್ದೀರಿ ಎನ್ನುವುದು ಲುಮೆನ್. ಧಾರೆ ಎಷ್ಟು ಬಿಗಿಯಾಗಿದೆ ಎನ್ನುವುದು ಕ್ಯಾಂಡೆಲಾ. 3,000 ಲುಮೆನ್ನಿನ ಟಾರ್ಚ್ ಅಂಗಳವನ್ನೆಲ್ಲ ಬೆಳಗಿ 150 ಮೀಟರಿಗೇ ಸುಸ್ತಾಗಬಹುದು. 600 ಲುಮೆನ್ನಿನ ಇನ್ನೊಂದು 500 ಮೀಟರ್ ಮುಟ್ಟಬಹುದು.

ಡಬ್ಬಿಯ ಮೇಲೆ ಎಫ್ಎಲ್1 (FL1) ಎಂದು ಇದೆಯೇ ನೋಡಿ. ಅದು ಟಾರ್ಚ್ ಅಳೆಯುವ ಮಾನದಂಡ. 2009ರಲ್ಲಿ ಬಂದ ಈ ಮಾನದಂಡದ ಪ್ರಕಾರ, ಬೆಳಕು 0.25 ಲಕ್ಸಿಗೆ (ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ) ಇಳಿಯುವ ಜಾಗವೇ ಟಾರ್ಚಿನ ದೂರ. ಅಂದರೆ ಸುಮಾರು ಹುಣ್ಣಿಮೆಯ ಬೆಳದಿಂಗಳಷ್ಟು. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಅದೇ ದೂರ ಸಿಗುತ್ತದೆ. 10,000 ಕ್ಯಾಂಡೆಲಾಗೆ 200 ಮೀಟರ್, 40,000ಕ್ಕೆ 400 ಮೀಟರ್. ದೂರ ಎರಡು ಪಟ್ಟಾಗಲು ಕ್ಯಾಂಡೆಲಾ ನಾಲ್ಕು ಪಟ್ಟಾಗಬೇಕು. ಈ ಲೆಕ್ಕದಲ್ಲಿ ನಿಮ್ಮ 5 ಕಿಲೋಮೀಟರಿಗೆ 62.5 ಲಕ್ಷ ಕ್ಯಾಂಡೆಲಾ ಬೇಕು. ಆಮೇಲೆ ಇನ್ನೊಂದು ಮಾತು: ಬೆಳದಿಂಗಳಷ್ಟು ಬೆಳಕಿನಲ್ಲಿ ಬಂಡೆ ಇದೆ ಎಂದು ಗೊತ್ತಾಗುತ್ತದೆ, ಅದರ ಪಕ್ಕದ ದಾರಿ ಕಾಣುವುದಿಲ್ಲ. ಹಾಗಾಗಿ ಡಬ್ಬಿಯ ಮೇಲೆ ಬರೆದಿರುವ ದೂರದ ಮೂರನೇ ಒಂದು ಭಾಗವನ್ನು ಮಾತ್ರ ನಾನು ನಂಬುತ್ತೇನೆ. 400 ಮೀಟರ್ ಎಂದರೆ ನನ್ನ ಪಾಲಿಗೆ 130.

ಬೆಳಕನ್ನು ಬಿಗಿ ಮಾಡುವುದು ಎಲ್‌ಇಡಿಯ ಸುತ್ತ ಇರುವ ಬಟ್ಟಲಿನಂಥ ಕನ್ನಡಿ (ರಿಫ್ಲೆಕ್ಟರ್). ಎಲ್‌ಇಡಿ ಚಿಕ್ಕದಿರಬೇಕು, ಚಿಕ್ಕ ಜಾಗದಲ್ಲೇ ಪ್ರಖರವಾಗಿ ಉರಿಯಬೇಕು. ಕನ್ನಡಿ ಅಗಲವಾಗಿ, ಆಳವಾಗಿ, ನುಣುಪಾಗಿ ಇರಬೇಕು. ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಇದ್ದರೆ ಬೆಳಕು ಮೆತ್ತಗೆ ಹರಡುತ್ತದೆ. ಹತ್ತಿರಕ್ಕೆ ಅದು ಚೆಂದ, ದೂರಕ್ಕೆ ಅಲ್ಲ. ಅದೇ ಎಲ್‌ಇಡಿಗೆ ಎರಡು ಪಟ್ಟು ಅಗಲದ ಕನ್ನಡಿ ಹಾಕಿದರೆ ದೂರವೂ ಸುಮಾರು ಎರಡು ಪಟ್ಟು. ಊರಲ್ಲಿ ನಾವು ಟಾರ್ಚಿಗೆ ಬ್ಯಾಟರಿ ಅಂತಲೇ ಹೇಳುತ್ತಿದ್ದೆವು. ನಮ್ಮ ಮಾವನ ಹತ್ತಿರ ಮೂರು ಸೆಲ್ಲಿನ ಬ್ಯಾಟರಿ ಇತ್ತು. ಬಲ್ಬಿನ ಬೆಳಕು ಇಷ್ಟೇ ಇಷ್ಟು, ಆದರೂ ಕಬ್ಬಿನ ಗದ್ದೆಯ ಆ ಬದಿಯ ತೆಂಗಿನ ಗರಿ ಕಾಣುತ್ತಿತ್ತು. ಕನ್ನಡಿ ದೊಡ್ಡದಿತ್ತು, ಅಷ್ಟೇ. ಒಂದೇ ಬಾಯಲ್ಲಿ ನಾಲ್ಕೈದು ಎಲ್‌ಇಡಿ ತುಂಬಿದ ಟಾರ್ಚ್ ನೋಡಿ ಮರುಳಾಗಬೇಡಿ. ಅದು ಹರಡುವ ಬೆಳಕು.

ಈಗ ನಿಮ್ಮ ತೋರಣಕ್ಕೆ ಬರೋಣ. ಮಳೆಗಾಲಕ್ಕೆ ಬರೀ ದೂರದ ಟಾರ್ಚ್ ನಂಬಿಕೊಂಡು ಹೋಗಲೇಬೇಡಿ. ಒಮ್ಮೆ ಆರು ಜನರ ಜೊತೆ ತೋರಣದ ಬಾಗಿಲಾದ ಬಿನಿ ದರವಾಜಾದಿಂದ ಕೆಳಗಿನ ಊರು ವೇಲ್ಹೆ ಕಡೆಗೆ ಇಳಿಯುತ್ತಿದ್ದೆ. ಸಂಜೆ ಏಳಕ್ಕೆ ಮಂಜು ಮುಸುಕಿತು. ಆರೂ ಜನರ ಕೈಯಲ್ಲಿ ಹೊಸ ಟಾರ್ಚ್, ಆರೂ ಬಿಗಿ ಬೆಳಕಿನವು. ಹಚ್ಚಿದ ಕೂಡಲೇ ಎದುರಿಗೆ ಬಿಳಿ ಗೋಡೆ ನಿಂತಂತಾಯಿತು. ಮಂಜಿನ ಹನಿಗಳು ಬೆಳಕನ್ನು ತಿರುಗಿಸಿ ಕಣ್ಣಿಗೇ ಎಸೆಯುತ್ತವೆ. ಬೆಳಕು ಜೋರಾದಷ್ಟೂ ಗೋಡೆ ದಪ್ಪ. ಒಬ್ಬ ಹುಡುಗ ಮೆಟ್ಟಿಲು ಕಾಣದೆ ಕಾಲಿಟ್ಟು ಪಾದ ಉಳುಕಿಸಿಕೊಂಡ. ಎಲ್ಲ ಟಾರ್ಚ್ ಆರಿಸಲು ಹೇಳಿ, ನನ್ನ ಹಳೆಯ ಹರಡು ಬೆಳಕಿನ ಟಾರ್ಚಿನ ಬೆಳಕನ್ನು ಕಡಿಮೆ ಮಾಡಿ ಮೊಣಕಾಲಿನ ಎತ್ತರಕ್ಕೆ ಹಿಡಿದೆ. ಆಮೇಲೆ ಕಲ್ಲು ಕಂಡಿತು. ಅವನನ್ನು ಹೆಗಲ ಮೇಲೆ ಹೊತ್ತು ಕೆಳಗೆ ಬರುವಾಗ ರಾತ್ರಿ ಹನ್ನೊಂದು. ಮಂಜಿನಲ್ಲಿ ಟಾರ್ಚ್ ಕೆಳಗೆ ಹಿಡಿಯಿರಿ. ಹಣೆಯ ಹೆಡ್‌ಲ್ಯಾಂಪನ್ನೂ ಬಿಚ್ಚಿ ಸೊಂಟಕ್ಕೆ ಕಟ್ಟಿ. ಬೆಳಕಿನ ದಾರಿಯೂ ಕಣ್ಣಿನ ದಾರಿಯೂ ಒಂದೇ ಆದರೆ ಏನೂ ಕಾಣದು.

ಆದ್ದರಿಂದ ನಡೆಯಲು ಒಂದು ಹೆಡ್‌ಲ್ಯಾಂಪ್, ಅದರ ಜೊತೆಗೆ ಇಡೀ ಗುಂಪಿಗೆ ಒಂದೇ ಒಂದು ದೂರದ ಟಾರ್ಚ್ ಸಾಕು. 20,000ದಿಂದ 40,000 ಕ್ಯಾಂಡೆಲಾ ಇರಲಿ. ನೀರಿಗೆ ಐಪಿಎಕ್ಸ್7 ಇರಲಿ, ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳಬೇಕು. ಐಪಿಎಕ್ಸ್4 ತುಂತುರಿಗೆ ಸರಿ, ಸಹ್ಯಾದ್ರಿಯ ಜುಲೈಗೆ ಸಾಲದು. ಸೆಲ್ ತೆಗೆದು ಬದಲಿಸುವಂತಿರಲಿ. ಬೆಳಕಿನ ಬಣ್ಣ 5,000 ಕೆಲ್ವಿನ್ ಆಸುಪಾಸು ಇದ್ದರೆ ಮಣ್ಣು, ಪಾಚಿ, ಹಾವು ಬೇರೆಬೇರೆಯಾಗಿ ಕಾಣುತ್ತವೆ. ನೀಲಿ ಹೊಡೆಯುವ ಬಿಳಿ ಬೆಳಕಿನಲ್ಲಿ ಎಲ್ಲವೂ ಬೂದಿ ಬಣ್ಣ. ಕೊಳ್ಳಲು ಪುಣೆಯ ಎಲೆಕ್ಟ್ರಿಕ್ ಸಾಮಾನಿನ ಪೇಟೆ ತಾಪ್ಕೀರ್ ಗಲ್ಲಿಗೆ ಹೋದರೆ ಸಂಜೆ ಕತ್ತಲಾದ ಮೇಲೆ ಹೋಗಿ. ಅಂಗಡಿಯ ಚಾವಣಿಗೆ ಹೊಡೆದು ತೋರಿಸಿದ್ದನ್ನು ಒಪ್ಪಬೇಡಿ. ಹೊರಗೆ ಬಂದು ದೂರದ ಗೋಡೆಗೆ ಹಿಡಿದು ನೋಡಿ. ಎರಡು ನಿಮಿಷ ಉರಿಸಿಯೇ ಇಡಿ. ಅಷ್ಟರಲ್ಲಿ ಮಂಕಾದರೆ ವಾಪಸ್ ಕೊಡಿ.

ದೂರದ ಟಾರ್ಚ್ ನಿಜವಾಗಿ ಜೀವ ಉಳಿಸುವುದು ದಾರಿ ತಪ್ಪಿದಾಗ. ಒಂದು ನಿಮಿಷದಲ್ಲಿ ಆರು ಸಲ ಮಿನುಗಿಸಿ, ಒಂದು ನಿಮಿಷ ನಿಲ್ಲಿಸಿ, ಮತ್ತೆ ಆರು ಸಲ. ಬೆಟ್ಟದಲ್ಲಿ ಸಹಾಯ ಕೇಳುವ ಅಂತರರಾಷ್ಟ್ರೀಯ ಸನ್ನೆ ಇದು. ಆ ಕಡೆಯಿಂದ ನಿಮಿಷಕ್ಕೆ ಮೂರು ಮಿನುಗು ಬಂದರೆ ನಿಮ್ಮನ್ನು ಕಂಡಿದ್ದಾರೆ ಎಂದರ್ಥ. ಗುಂಪಿನ ಎಲ್ಲರಿಗೂ ಇದನ್ನು ಹೊರಡುವ ಮೊದಲೇ ಕಲಿಸಿ.

ಪ್ರಶ್ನೆ: 9,900 ಎಂಎಎಚ್ ಎಂದು ಬರೆದ 18650 ಸೆಲ್ 150 ರೂಪಾಯಿಗೆ ಸಿಗುತ್ತಿದೆ. ಹಾಕಬಹುದೇ?

ಉತ್ತರ: ಹಾಕಬೇಡಿ. ಆ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿ ಸಾಮಾನ್ಯವಾಗಿ 3,500ರ ಆಸುಪಾಸಿಗಿಂತ ಜಾಸ್ತಿ ಇರುವುದಿಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಇಡಿ. ಅಸಲಿ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ, ಈ ನಕಲಿಗಳು ಎಷ್ಟೋ ಸಲ 30ನ್ನೂ ಮುಟ್ಟುವುದಿಲ್ಲ. ಹಳೆ ಲ್ಯಾಪ್‌ಟಾಪಿನಿಂದ ಬಿಚ್ಚಿದ ಸೆಲ್ಲೂ ಬೇಡ. ಲಿಥಿಯಂ ಸೆಲ್ ಹೊತ್ತಿಕೊಂಡರೆ ಟಾರ್ಚಿನ ಕೊಳವೆ ಪಟಾಕಿಯಾಗುತ್ತದೆ, ಅದು ನಿಮ್ಮ ಮುಖದ ಹತ್ತಿರ ಇರುತ್ತದೆ. ಈ ವಿಷಯದಲ್ಲಿ ನನ್ನನ್ನು ಅಂಜುಬುರುಕ ಎಂದರೂ ಪರವಾಗಿಲ್ಲ. ಟಾರ್ಚನ್ನು ಬ್ಯಾಗಿನಲ್ಲಿ ಇಡುವಾಗ, ತಾನಾಗಿ ಆನ್ ಆಗದಂತೆ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ, ಆಮೇಲೆ ಗುಂಡಿ ಒತ್ತಿ ನೋಡಿ. ಬೆಳಕು ಬಾರದಿದ್ದರೆ ಸರಿ.

ಪ್ರಶ್ನೆ: ಟಾರ್ಚಿನ ಬಾಯಿಗೆ ಹಳದಿ ಪಾರದರ್ಶಕ ಕಾಗದ ಕಟ್ಟಿದರೆ ಮಂಜನ್ನು ಸೀಳುತ್ತದಂತೆ, ನಿಜವೇ?

ಉತ್ತರ: ಸುಳ್ಳು. ಮಂಜಿನ ಹನಿ ಎಲ್ಲ ಬಣ್ಣವನ್ನೂ ಹೆಚ್ಚುಕಮ್ಮಿ ಒಂದೇ ಥರ ಚದುರಿಸುತ್ತದೆ. ಕಾಗದದಿಂದ ಸುಮ್ನೆ ಬೆಳಕು ಕಡಿಮೆಯಾಗುತ್ತದೆ.

ಪ್ರಶ್ನೆ: ಜೂಮ್ ಆಗುವ ಟಾರ್ಚ್ ಒಳ್ಳೆಯದಲ್ಲವೇ?

ಉತ್ತರ: ಮಳೆಗೆ ಅಲ್ಲ. ಮುಂದಕ್ಕೆ ಹಿಂದಕ್ಕೆ ಸರಿಯುವ ಕಡೆಯಿಂದ ನೀರು ಒಳಗೆ ಹೋಗುತ್ತದೆ.

ಪ್ರಶ್ನೆ: ಜುನ್ನರ್ ಹತ್ತಿರ ನಮ್ಮ ಹೊಲ. ರಾತ್ರಿ ಪಂಪ್ ಹಚ್ಚಲು ಹೋಗಬೇಕು. ಚಿರತೆ ಓಡಿಸಲು ಮಿಂಚುವ ಟಾರ್ಚ್ ಸಾಕೇ?

ಉತ್ತರ: ಓಡಿಸಲು ಎಂದುಕೊಂಡು ಟಾರ್ಚ್ ಕೊಳ್ಳಬೇಡಿ. ಮೊದಲೇ ಕಂಡುಕೊಳ್ಳಲು ಕೊಳ್ಳಿ. ಚಿರತೆಯ ಕಣ್ಣು ಬೆಳಕಿಗೆ ದೂರದಿಂದಲೇ ಹೊಳೆಯುತ್ತದೆ. ಬದುವಿನ ಮೇಲೆ ನಿಂತು ಮೊದಲು ಸುತ್ತ ಬೆಳಕು ಆಡಿಸಿ. ಇಬ್ಬರು ಹೋಗಿ, ಜೋರಾಗಿ ಮಾತಾಡುತ್ತಾ ಹೋಗಿ. ಕಣ್ಣು ಕಂಡರೆ ಹಿಂದೆ ಸರಿಯಿರಿ, ಅದಕ್ಕೆ ದಾರಿ ಬಿಡಿ. ಬೆನ್ನು ಹಾಕಿ ಓಡಬೇಡಿ. ಕಬ್ಬಿನೊಳಗೆ ಮಾತ್ರ ಬೆಳಕು ಹಾಕಿಕೊಂಡು ನುಗ್ಗಬೇಡಿ. ಅಲ್ಲಿ ಯಾವ ಟಾರ್ಚಿಗೂ ಎರಡು ಮಾರು ದಾಟಲಾಗದು.

ಪ್ರಶ್ನೆ: ಜೂನ್ ಶುರುವಿನಲ್ಲಿ ಮಗನಿಗೆ ಮಿಂಚುಹುಳ ತೋರಿಸಲು ರಾಜಮಾಚಿಗೆ ಹೋಗುತ್ತೇವೆ. ದೂರದ ಮರ ಕಾಣಲು ಎಷ್ಟು ಕ್ಯಾಂಡೆಲಾ ಬೇಕು? (ಡೊಂಬಿವಲಿಯ ಓದುಗರು)

ಉತ್ತರ: ಒಂದೂ ಬೇಡ. ಮಿಂಚುಹುಳ ಮಿನುಗುವುದು ಜೋಡಿ ಹುಡುಕಲು. ನಿಮ್ಮ ಬೆಳಕು ಬಿದ್ದರೆ ಅವಕ್ಕೆ ಒಂದರ ಮಿನುಗು ಇನ್ನೊಂದಕ್ಕೆ ಕಾಣುವುದಿಲ್ಲ. ಟಾರ್ಚ್ ಬ್ಯಾಗಿನಲ್ಲೇ ಇರಲಿ. ನಡೆಯುವಾಗ ಮಾತ್ರ ಕೆಂಪು ಬೆಳಕು ಬಳಸಿ, ನೆಲಕ್ಕೆ ಮುಖ ಮಾಡಿ. ಮರದ ಹತ್ತಿರ ಬಂದ ಮೇಲೆ ಅದನ್ನೂ ಆರಿಸಿ. ಮಗನನ್ನು ಇಪ್ಪತ್ತು ನಿಮಿಷ ಕತ್ತಲಲ್ಲೇ ಕೂರಿಸಿಕೊಳ್ಳಿ, ಮೊಬೈಲ್ ತೆಗೆಯಲು ಬಿಡಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಅಷ್ಟು ಹೊತ್ತು ಬೇಕು.