ತಾಮ್ರದ ಗುಂಡು ಮೂರಿಂಚು ಚದುರುತ್ತಿದೆ. ಇದನ್ನು ನಂಬಿ ಜಿಂಕೆಗೆ ಹೊಡೆಯಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಷ್ಟು ಇದು: ಕ್ಯಾಲಿಫೋರ್ನಿಯಾದಲ್ಲಿದ್ದೀರಿ, .308 ರೈಫಲ್ಲಿಗೆ (ಗುಂಡಿನ ದಪ್ಪ 0.308 ಇಂಚು) ಮನೆಯಲ್ಲೇ ತೋಟಾ ತುಂಬುತ್ತೀರಿ. ಸೀಸದ 180 ಗ್ರೇನ್ (ಗುಂಡು ತೂಗೋ ಅಳತೆ, ಒಂದು ಗ್ರಾಂಗೆ ಸುಮಾರು 15 ಗ್ರೇನ್) ಗುಂಡು ನೂರು ಗಜಕ್ಕೆ ಒಂದಿಂಚಿನೊಳಗೆ ಬೀಳುತ್ತಿತ್ತು. ಅದೇ ತೂಕದ ತಾಮ್ರದ ಗುಂಡು ತಂದಿರಿ, ಮೂರಿಂಚು ಚದುರುತ್ತಿದೆ. ಆಗಸ್ಟಿನಲ್ಲಿ ಜಿಂಕೆ ಸೀಸನ್ ಶುರುವಾಗುತ್ತೆ, ಏನು ಮಾಡಲಿ?

ಮೂರಿಂಚು ಚದುರೋ ತೋಟಾ ನಂಬಿ ಪ್ರಾಣಿಗೆ ಹೊಡೆಯಬೇಡಿ. ಹಾಗಂತ ಗುಂಡನ್ನೂ ಬೈಯಬೇಡಿ. ನಾನೂ ಇದೇ ಹಳ್ಳಕ್ಕೆ ಬಿದ್ದು ಒಂದಿಡೀ ಬೇಸಿಗೆ ಹಾಳು ಮಾಡಿಕೊಂಡವನು. ಎಡವಟ್ಟು ಇರೋದು 'ಅದೇ ತೂಕದ' ಅನ್ನೋ ಮಾತಿನಲ್ಲಿ.

ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.34 ಗ್ರಾಂ, ತಾಮ್ರದ್ದು 8.96. ಒಂದು ಕೆಜಿ ಅಕ್ಕಿ ಹಿಡಿಯೋ ಡಬ್ಬಿಗೆ ಒಂದು ಕೆಜಿ ಅವಲಕ್ಕಿ ತುಂಬಲು ಹೋದ ಹಾಗೆ. ಗುಂಡಿನ ದಪ್ಪವನ್ನು ನಳಿಕೆ ನಿಗದಿ ಮಾಡಿಬಿಟ್ಟಿದೆ, ಅದರಲ್ಲಿ ಹೆಚ್ಚುಕಮ್ಮಿ ಮಾಡೋ ಹಾಗಿಲ್ಲ. ಹಾಗಾಗಿ ತೂಕ ಸರಿಹೊಂದಬೇಕಾದರೆ ಗುಂಡು ಉದ್ದವಾಗಲೇಬೇಕು. ಉದ್ದದ ಗುಂಡು ನೆಟ್ಟಗೆ ಹೋಗಬೇಕಾದರೆ ಹೆಚ್ಚು ರಭಸವಾಗಿ ತಿರುಗಬೇಕು. ಆ ತಿರುವು ಕೊಡೋದು ನಳಿಕೆಯೊಳಗಿನ ಸುರುಳಿ ಗೀರುಗಳು. .308ಗಳಲ್ಲಿ 10 ಇಂಚಿಗೊಂದು ಸುತ್ತಿನವೂ ಇವೆ, 12 ಇಂಚಿಗೊಂದು ಸುತ್ತಿನವೂ ಇವೆ. ನಿಮ್ಮದು 12ರದ್ದಾದರೆ 180 ಗ್ರೇನಿನ ತಾಮ್ರಕ್ಕೆ ಅದರ ತಿರುವು ಸಾಲದು.

ಅಳೆಯೋದು ಸುಲಭ. ರೈಫಲ್ ಖಾಲಿ ಇದೆ ಅಂತ ಎರಡು ಸಲ ನೋಡಿಕೊಳ್ಳಿ. ಕ್ಲೀನಿಂಗ್ ರಾಡಿಗೆ ಬಿಗಿಯಾಗಿ ಬಟ್ಟೆ ಸುತ್ತಿ ನಳಿಕೆಗೆ ತುರುಕಿ, ರಾಡಿನ ಮೇಲೆ ಒಂದು ಗುರುತು ಹಾಕಿ. ಮೆಲ್ಲಗೆ ನೂಕುತ್ತಾ ಹೋಗಿ. ಗುರುತು ಒಂದು ಪೂರ್ತಿ ಸುತ್ತು ಬರೋಷ್ಟರಲ್ಲಿ ರಾಡು ಎಷ್ಟು ಇಂಚು ಒಳಗೆ ಹೋಯಿತೋ ಅದೇ ನಿಮ್ಮ ಲೆಕ್ಕ.

ಪರಿಹಾರ: 150 ಗ್ರೇನಿಗೆ ಇಳಿಯಿರಿ. 'ಹಗುರ ಗುಂಡು, ಪ್ರಾಣಿ ಬೀಳುತ್ತಾ?' ಅಂತ ಎಲ್ಲರೂ ಕೇಳುತ್ತಾರೆ. ಸೀಸದ ಗುಂಡು ಮೈಯೊಳಗೆ ಹೋದಮೇಲೆ ಚೂರುಚೂರಾಗಿ ತೂಕ ಕಳೆದುಕೊಳ್ಳುತ್ತೆ. ತಾಮ್ರದ್ದು ಒಂದೇ ತುಂಡಾಗಿ ಉಳಿಯುತ್ತೆ. ಕಳೆದ ವರ್ಷ ಒಂದು ಕಾಡುಹಂದಿಯ ಆಚೆ ಭುಜದ ಚರ್ಮದಡಿ ಸಿಕ್ಕ ಗುಂಡು ನನ್ನ ಮೇಜಿನ ಮೇಲಿದೆ. ನಾಲ್ಕು ಎಸಳು ಹಿಂದಕ್ಕೆ ಮಡಚಿಕೊಂಡು ದಾಸವಾಳದ ಹಾಗೆ ಬಿಚ್ಚಿಕೊಂಡಿದೆ. ತಕ್ಕಡಿಗೆ ಹಾಕಿದರೆ 150ರಲ್ಲಿ 148 ಗ್ರೇನ್ ತೂಗಿತು.

ಇನ್ನು ತೋಟಾದ ಹಿತ್ತಾಳೆ ಕೇಸಿನೊಳಗೆ ಗುಂಡು ಕೂರಿಸೋ ಆಳ. ನಾನು ಕೆಟ್ಟಿದ್ದು ಇಲ್ಲೇ. ಸೀಸದ ಗುಂಡಿನ ಅಭ್ಯಾಸಬಲದಿಂದ ಗುಂಡಿನ ಮೂತಿಯನ್ನು ನಳಿಕೆಯ ಗೀರುಗಳಿಗೆ ಇನ್ನೇನು ತಾಗುತ್ತೆ ಅನ್ನೋ ಹಾಗೆ ಕೂರಿಸುತ್ತಿದ್ದೆ. ತಾಮ್ರಕ್ಕೆ ಆ ಒತ್ತೊತ್ತು ಹಿಡಿಸೋದಿಲ್ಲ. ಅದು ಸೀಸದಷ್ಟು ಮಣಿಯೋ ಲೋಹವಲ್ಲ. ಗೀರಿಗೆ ಹಿಡಿಯೋ ಮೊದಲು ಸ್ವಲ್ಪ ಖಾಲಿ ಜಾಗ ಬಯಸುತ್ತೆ. ಇಂಚಿನ ಸಾವಿರದಲ್ಲಿ 50 ಭಾಗ ಹಿಂದಿನಿಂದ ಶುರು ಮಾಡಿ ಅಂತ ತಾಮ್ರದ ಗುಂಡು ಮಾಡೋ ಬಾರ್ನ್ಸ್ ಕಂಪನಿಯವರೇ ಹೇಳುತ್ತಾರೆ. ನಾನು 50, 65, 80, 95 ಅಂತ ಐದೈದು ತೋಟಾ ತುಂಬಿಕೊಂಡು ಹೋದೆ. 50ರಲ್ಲಿ ಎರಡಿಂಚು. 65ರಲ್ಲಿ ಒಂದೂವರೆ. 80ರಲ್ಲಿ ಐದೂ ತೂತನ್ನು ಹಳೇ ಒಂದು ರೂಪಾಯಿ ನಾಣ್ಯ ಮುಚ್ಚಿತು. 95ರಲ್ಲಿ ಮತ್ತೆ ಚದುರಿತು. ನಿಮ್ಮ ನಳಿಕೆಗೆ ಬೇರೆ ಅಂಕಿ ಬರಬಹುದು, ಆದರೆ ಹುಡುಕೋ ದಾರಿ ಇದೇ. ಒಂದು ಸಲಕ್ಕೆ ಒಂದೇ ಬದಲಾಯಿಸಿ. ಪೌಡರ್, ಆಳ ಎರಡನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ತಲೆಬುಡ ತಿಳಿಯೋದಿಲ್ಲ.

ಪೌಡರ್ ಎಷ್ಟು ಹಾಕಲಿ ಅಂತ ಮಾತ್ರ ಕೇಳಬೇಡಿ, ನಾನು ಹೇಳೋದಿಲ್ಲ. ಗುಂಡು ಮಾಡಿದವರೇ ಆ ಗುಂಡಿಗಾಗಿ ಕೊಟ್ಟಿರೋ ಪುಸ್ತಕ ನೋಡಿ, ಅದರ ಕನಿಷ್ಠದಿಂದ ಶುರು ಮಾಡಿ. ಸೀಸದ ಗುಂಡಿನ ಲೆಕ್ಕವನ್ನು ತಾಮ್ರಕ್ಕೆ ಹಾಕಲೇಬೇಡಿ. ಉದ್ದದ ಗುಂಡು ಕೇಸಿನೊಳಗೆ ಹೆಚ್ಚು ಜಾಗ ತಿನ್ನುತ್ತೆ, ಒತ್ತಡ ಏರುತ್ತೆ.

ಇಷ್ಟಕ್ಕೂ ಮೊದಲು ನಳಿಕೆ ತೊಳೆಯಿರಿ. ಸೀಸದ ಗುಂಡಿಗೂ ಮೇಲೆ ತಾಮ್ರದ ಕವಚ ಇರುತ್ತೆ, ಹಳೇ ಗುಂಡುಗಳ ಆ ತಾಮ್ರ ಒಳಗೆ ಮೆತ್ತಿಕೊಂಡಿರುತ್ತೆ. ತಾಮ್ರ ತೆಗೆಯೋ ಅಮೋನಿಯಾದ ದ್ರಾವಣ ಹಾಕಿ, ಬಟ್ಟೆಯಲ್ಲಿ ನೀಲಿ ಬರೋದು ನಿಲ್ಲೋವರೆಗೂ ಉಜ್ಜಿ. ನನಗೆ ಎರಡು ಸಂಜೆ ಹಿಡಿಯಿತು. ಹೆಂಡತಿ ಗ್ಯಾರೇಜಿನ ಬಾಗಿಲು ಮುಚ್ಚಿಸಿದಳು, ಆ ವಾಸನೆ ಅಂಥದ್ದು.

ಪ್ರಾಣಿಯ ವಿಷಯಕ್ಕೆ ಬಂದರೆ, ತಾಮ್ರದ ಗುಂಡಿಗೆ ವೇಗವೇ ಜೀವ. ಮೂತಿಯ ತೂತಿಗೆ ಮಾಂಸ, ರಕ್ತ ನುಗ್ಗಿ ಒತ್ತಿದಾಗ ಎಸಳು ಬಿಚ್ಚೋದು. ತಾಗುವಾಗ ಸೆಕೆಂಡಿಗೆ 2000 ಅಡಿಗಿಂತ ಕಡಿಮೆ ವೇಗವಿದ್ದರೆ ಅದನ್ನು ನಾನು ನೆಚ್ಚಿಕೊಳ್ಳೋದಿಲ್ಲ. ಬಿಚ್ಚದೇ ಹೋದರೆ ದಬ್ಬಣ ಚುಚ್ಚಿದ ಹಾಗೆ ಆಚೆ ಹೋಗಿಬಿಡುತ್ತೆ, ಪ್ರಾಣಿ ಎಲ್ಲೋ ಹೋಗಿ ನರಳುತ್ತೆ. ಹಗುರ ಗುಂಡು ಹೆಚ್ಚು ವೇಗವಾಗಿ ಹೋಗುತ್ತೆ, ಅದನ್ನು ಹೇಳಿದ್ದಕ್ಕೆ ಇದೂ ಒಂದು ಕಾರಣ. ಜೊತೆಗೆ ಚೂರುಗಳು ಹರಡದ ಕಾರಣ ಒಳಗಿನ ಗಾಯ ಸೀಸದ್ದಕ್ಕಿಂತ ಕಿರಿದು. ಪಕ್ಕೆಗೆ ಹೊಡೆದ ನನ್ನ ಮೊದಲ ಜಿಂಕೆ ಸುಮಾರು ಎಪ್ಪತ್ತು ಗಜ ಓಡಿ ಪೊದೆಯೊಳಗೆ ಬಿತ್ತು, ಹುಡುಕಲು ಮುಕ್ಕಾಲು ಗಂಟೆ. ಈಗ ಭುಜದ ಮೂಳೆಗೇ ಗುರಿ ಹಿಡಿಯುತ್ತೇನೆ.

ಸೀಸಕ್ಕೇ ವಾಪಸ್ ಹೋಗಲಾ ಅಂತಲೂ ಕೇಳಿದ್ದೀರಿ. ಬೇಟೆಗೆ ಆಗೋದಿಲ್ಲ. 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ನಿಷೇಧ, ಕಾಂಡೋರ್ ಅನ್ನೋ ದೊಡ್ಡ ರಣಹದ್ದು ಇರೋ ಕಡೆ 2008ರಿಂದಲೇ. 1982ರಲ್ಲಿ ಆ ಹಕ್ಕಿ ಉಳಿದಿದ್ದು ಬರೀ 22. ಬೇಟೆಗಾರರು ಬಿಟ್ಟುಹೋದ ಕರುಳಿನ ಜೊತೆ ಸೀಸದ ಚೂರು ತಿಂದು ಸಾಯುತ್ತಿದ್ದವು. ಭಾರತದ ರಣಹದ್ದುಗಳಿಗೆ ದನಗಳಿಗೆ ಕೊಡುತ್ತಿದ್ದ ನೋವಿನ ಔಷಧಿ ಡೈಕ್ಲೋಫೆನಾಕ್ ಹೇಗೋ ಇವಕ್ಕೆ ಸೀಸ ಹಾಗೆ. ಪಿನ್ನಕಲ್ಸ್ ರಾಷ್ಟ್ರೀಯ ಉದ್ಯಾನದ ಹತ್ತಿರದ ಗುಡ್ಡದಲ್ಲಿ ಒಮ್ಮೆ ಹಂದಿ ಬೇಟೆಗೆ ಹೋಗಿದ್ದಾಗ ಒಂದು ಕಾಂಡೋರ್ ನನ್ನ ತಲೆಯ ಮೇಲೇ ಹಾದುಹೋಯಿತು. ಒಂಬತ್ತಡಿ ರೆಕ್ಕೆ, ರೆಕ್ಕೆಗೆ ನಂಬರಿನ ಚೀಟಿ. ಅದು ಹೋದಮೇಲೂ ಸ್ವಲ್ಪ ಹೊತ್ತು ಹಂದಿಯ ನೆನಪೇ ಆಗಲಿಲ್ಲ ನನಗೆ.

ಅಡುಗೆಮನೆಗೂ ಇದೇ ಒಳ್ಳೆಯದು. ಅಪ್ಪ ಚಿಕ್ಕವರಿದ್ದಾಗ ಮಲೆನಾಡಿನ ನಮ್ಮ ಮನೆಯಲ್ಲಿ ಕೇಪಿನ ಕೋವಿ ಇತ್ತಂತೆ. ಶಿಕಾರಿ ಸಾರು ಬಡಿಸುವಾಗ ಅಜ್ಜಿ 'ಚರೆ ನೋಡ್ಕಂಡು ಅಗೀರೋ' ಅನ್ನುತ್ತಿದ್ದರಂತೆ. ಚರೆ, ಅಂದರೆ ಸೀಸದ ಸಣ್ಣ ಉಂಡೆಯಾದರೆ ಹಲ್ಲಿಗೆ ಸಿಗುತ್ತೆ. ರೈಫಲ್ ಗುಂಡಿನ ಸೀಸ ಹಿಟ್ಟಿನ ಹಾಗೆ ಮಾಂಸದಲ್ಲಿ ಬೆರೆತುಹೋಗುತ್ತೆ, ಹಲ್ಲಿಗೂ ತಿಳಿಯೋದಿಲ್ಲ. ತಾಮ್ರದ್ದಾದರೆ ಗಾಯದ ಅಂಚಿನವರೆಗೂ ಮಾಂಸ ಇಟ್ಟುಕೊಳ್ಳಬಹುದು.

ಒಂದು ಮಾತು ಮರೆತಿದ್ದೆ. ಕಾಡಿಗೆ ಹೋಗುವಾಗ ಗುಂಡಿನ ಡಬ್ಬಿ ಜೊತೆಗಿಟ್ಟುಕೊಳ್ಳಿ. ಮನೆಯಲ್ಲಿ ತುಂಬಿದ ತೋಟಾದಲ್ಲಿ ಸೀಸವಿಲ್ಲ ಅಂತ ಬೇಟೆಯ ಮೇಲೆ ಕಣ್ಣಿಡೋ ಅಧಿಕಾರಿ ವಾರ್ಡನ್‌ಗೆ ತೋರಿಸಲು ಅನುಕೂಲ. ಈಗ ಮೊದಲು ಆ ರಾಡಿನ ಅಳತೆ ಮಾಡಿ, ಎಷ್ಟು ಬಂತು ಅಂತ ಕೆಳಗೆ ಬರೆಯಿರಿ. 12 ಬಂದರೆ ಆ 180ರ ಡಬ್ಬಿಯನ್ನು 10ರ ನಳಿಕೆ ಇರೋ ಯಾರಿಗಾದರೂ ದಾಟಿಸಿಬಿಡಿ.