ಲ್ಯಾಬಿನಲ್ಲೇ ಕಲಿಯಬೇಕಾದ ಮಾತು

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮಂಡ್ಯದ ಪದವಿ ಕಾಲೇಜೊಂದರ ಎರಡನೇ ವರ್ಷದ ಬಿಎಸ್ಸಿ ಹುಡುಗ. ಪಾಂಡವಪುರ ಕಡೆಯ ಕಬ್ಬು ಬೆಳೆಗಾರರ ಮನೆಯವನು. ಕೆಮಿಸ್ಟ್ರಿ ಲ್ಯಾಬಿನಲ್ಲಿ ಜೊತೆಗಾರನ ಮೇಲೆ ರೇಗಿ, ರೆಕಾರ್ಡ್ ಪುಸ್ತಕ ಎಸೆದು ಹೊರಟುಹೋಗಿದ್ದ. ಪಾಠ ಮಾಡುವ ಮೇಡಂ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದರು.

ತುಂಬಾ ಹೊತ್ತು ಮಾತೇ ಇಲ್ಲ. ಆಮೇಲೆ, "ಟೈಟ್ರೇಷನ್ ಎಲ್ಲಾ ನಾನೇ ಮಾಡ್ಬೇಕು ಮೇಡಂ. ಅವ್ನು ರೀಡಿಂಗ್ ಕಾಪಿ ಮಾಡ್ಕೋತಾನೆ. ನೆನೆಸ್ಕೊಂಡ್ರೆ ರಾತ್ರಿ ನಿದ್ದೆ ಬರಲ್ಲ" ಅಂದ. (ಟೈಟ್ರೇಷನ್ ಅಂದರೆ ಬ್ಯೂರೆಟ್ ಎಂಬ ಅಳತೆಯ ಗಾಜಿನ ಕೊಳವೆಯಿಂದ ದ್ರಾವಣ ಬಿಡುತ್ತಾ, ಬಣ್ಣ ತಿರುಗುವ ಹಂತ ನೋಡಿ ಅಳೆಯುವ ಪ್ರಯೋಗ.) ಇದನ್ನು ಆ ಜೊತೆಗಾರನಿಗೆ ಒಮ್ಮೆಯೂ ಹೇಳಿರಲಿಲ್ಲ.

ಜೀವನ ಕೌಶಲದ ಪತ್ರಿಕೆಯಲ್ಲಿ ಇವನಿಗೆ ಒಳ್ಳೆ ಅಂಕ ಬಂದಿತ್ತು. ಸಿಟ್ಟು ತಡೆಯುವ ಕ್ರಮಗಳನ್ನು ಬಾಯಿಪಾಠ ಒಪ್ಪಿಸಿದ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2019ರಲ್ಲೇ 'ಜೀವನ್ ಕೌಶಲ್' ಪಠ್ಯಕ್ರಮ ಕೊಟ್ಟಿದೆ, ಅದು ಬೇಕಾದದ್ದೇ. ಆದರೆ ಬಣ್ಣ ತಿರುಗುವ ಹೊತ್ತಿಗೆ ಬ್ಯೂರೆಟ್ಟಿನಿಂದ ಹನಿಹನಿ ಬಿಡೋದನ್ನು ಯಾರೂ ಓದಿ ಕಲಿಯಲ್ಲ, ಅಲ್ವಾ? ಸಿಟ್ಟನ್ನು ಮಾತಾಗಿಸೋದೂ ಹಾಗೇ.

ರೇಗುವ ಮುಂಚೆ ಮೈಯಲ್ಲಿ ಏನಾಗುತ್ತೆ ಅಂತ ಕೇಳಿದೆ. ಕಿವಿ ಬಿಸಿಯಾಗುತ್ತೆ ಅಂದ. "ಅದೇ ಗುರುತು ಕಣಪ್ಪ. ಆಗ ಕೈಯಲ್ಲಿರೋದನ್ನು ಕೆಳಗಿಡು. ನಿಧಾನ ಉಸಿರು ಬಿಡು. ಆಮೇಲೆ ಹೇಳು: ಮುಂದಿನ ರೀಡಿಂಗ್ ನೀನು ತಗೋ, ನಂಗೊಬ್ನಿಗೇ ಸುಸ್ತಾಗ್ತಿದೆ." ಸೋಮಾರಿ ಅಂತ ಬೈಯೋದು ಬೇಡ, ಬೇಕಾದ್ದನ್ನು ಕೇಳಿದರೆ ಸಾಕು. ನನ್ನೆದುರೇ ಮತ್ತೆ ಮತ್ತೆ ಹೇಳಿಸಿದೆ. ಮೊದಮೊದಲು ತಲೆ ಎತ್ತಲಿಲ್ಲ. ಬರಬರುತ್ತಾ ದನಿ ಗಟ್ಟಿಯಾಯ್ತು.

ಮೇಡಂಗೂ ಸಲಹೆ ಕೊಟ್ಟೆ. ಪ್ರಾಕ್ಟಿಕಲ್ ಶುರುವಾಗುವ ಮುಂಚೆ ಯಾರ ಕೆಲಸ ಏನು ಅಂತ ಜೋಡಿಗಳೇ ಮಾತಾಡಿ ರೆಕಾರ್ಡಿನಲ್ಲಿ ಬರೆಯಲಿ. ಮುಂದಿನ ವಾರ ಅದಲುಬದಲಾಗಲಿ. ಕೊನೆಯ 5 ನಿಮಿಷ, ಎಲ್ಲಿ ಕಷ್ಟವಾಯ್ತು ಅಂತ ಒಬ್ಬರಿಗೊಬ್ಬರು ಹೇಳಲಿ. "ಸಿಲಬಸ್ ಮುಗಿಸೋದೇ ಕಷ್ಟ" ಅಂದರು. ನಿಜವೇ. ಅದಕ್ಕೇ ನಾನು ಬೇರೆ ಪೀರಿಯಡ್ ಕೇಳಲಿಲ್ಲ. ಇದಕ್ಕೆ ಅಂಕ ಮಾತ್ರ ಇಡಬೇಡಿ ಅಂದೆ. ಅಂಕ ಬಂದರೆ ಮಕ್ಕಳು ನಮಗೆ ಇಷ್ಟವಾಗೋದನ್ನೇ ಹೇಳುತ್ತಾರೆ. ಜೋಡಿ ಬದಲಿಸೋಕೂ ಬಿಡಲಿಲ್ಲ. ಬದಲಿಸಿದ್ದರೆ ಇವನಿಗೆ ಆ ಮಾತು ಆಡುವ ಅವಕಾಶವೇ ತಪ್ಪುತ್ತಿತ್ತು.

ಈಗಲೂ ಇಬ್ಬರದ್ದು ಒಂದೇ ಟೇಬಲ್. ಗೆಳೆಯರೇನೂ ಆಗಿಲ್ಲ, ಆದರೆ ಟೈಟ್ರೇಷನ್ ಸರದಿಯಲ್ಲಿ ಮಾಡುತ್ತಾರೆ. ಇವನ ನಿದ್ದೆ ಇನ್ನೂ ಸರಿಹೋಗಿಲ್ಲ. ಮುಂದಿನ ಭೇಟಿ ಅದಕ್ಕಾಗಿಯೇ. ಅಲ್ಲಿವರೆಗೆ ರಾತ್ರಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡು, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು ಅಂತ ಹೇಳಿ ಕಳಿಸಿದ್ದೇನೆ.