ಶಾಂಘೈ ಶಾಲೆಯ ಗೆಳತಿ ಮನೆಗೆ ಯಾಕೆ ಬರುವುದಿಲ್ಲ

ನಮಸ್ಕಾರ. ನಿಮ್ಮ ಪ್ರಶ್ನೆಯನ್ನು ಮೊದಲು ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ, ಓದುವ ಬೇರೆಯವರಿಗೂ ಅನುಕೂಲ. ಮೈಸೂರಿನಿಂದ ಶಾಂಘೈಗೆ ಬಂದು ಎರಡು ತಿಂಗಳಾಗಿದೆ, ಮಗಳು ಇಲ್ಲಿನ ಶಾಲೆಯಲ್ಲಿ ಏಳನೇ ತರಗತಿ. ಅವಳ ಗೆಳತಿ ಶಾಲೆಯಲ್ಲಿ ತುಂಬ ಹಚ್ಚಿಕೊಂಡಿದ್ದಾಳೆ, ಆದರೆ ಎಷ್ಟು ಕರೆದರೂ ಮನೆಗೆ ಬರುವುದಿಲ್ಲ. ಆ ಗೆಳತಿಯ ತಾಯಿ ಮಗಳ ಎದುರಿಗೇ 'ಇವಳು ದಡ್ಡಿ, ಸೋಮಾರಿ' ಅನ್ನುತ್ತಾರೆ, ರಾತ್ರಿ ಫೋನ್ ಕಸಿದಿಟ್ಟುಕೊಳ್ಳುತ್ತಾರೆ. ಇವರಿಗೆ ಮಕ್ಕಳ ಮೇಲೆ ಮಮತೆಯೇ ಇಲ್ಲವೇ, ನಾವೂ ಹೀಗೇ ಇರಬೇಕೇ ಎಂದು ಕೇಳಿದ್ದೀರಿ.

ಮಮತೆ ಧಾರಾಳವಾಗಿದೆ. ಅದನ್ನು ಗುರುತಿಸಲು ಒಂದು ಪದ ಗೊತ್ತಿರಬೇಕು: 'ಗುವಾನ್'. ಅಂಕೆಯಲ್ಲಿಡುವುದು, ನಿಗಾ ಇಡುವುದು, ಆರೈಕೆ ಮಾಡುವುದು, ಮೂರಕ್ಕೂ ಚೀನೀ ಭಾಷೆಯಲ್ಲಿ ಅದೊಂದೇ ಕ್ರಿಯಾಪದ. ನಮ್ಮ 'ವಿಚಾರಿಸಿಕೊಳ್ಳುವುದು' ಇದಕ್ಕೆ ಹತ್ತಿರ. ನೆಂಟರನ್ನೂ ವಿಚಾರಿಸಿಕೊಳ್ಳುತ್ತೇವೆ, ತಪ್ಪು ಮಾಡಿದವನನ್ನೂ ವಿಚಾರಿಸಿಕೊಳ್ಳುತ್ತೇವೆ. 'ಮೇಯ್ ರೆನ್ ಗುವಾನ್' ಎಂದರೆ ಹೇಳುವವರು ಕೇಳುವವರು ಯಾರೂ ಇಲ್ಲದ ಮಗು. ಇಲ್ಲಿ ಅದು ಮರುಕದ ಮಾತು. ಫೋನ್ ತೆಗೆದಿಡುವ ತಾಯಿ ತನ್ನ ಪಾಲಿನ ಕೆಲಸ ಮಾಡುತ್ತಿದ್ದೇನೆ ಅಂದುಕೊಂಡಿರುತ್ತಾಳೆ, ಮುಖ ಊದಿಸಿಕೊಂಡ ಮಗಳಿಗೂ ಅದು ಗೊತ್ತಿರುತ್ತದೆ. ರೂತ್ ಚಾವ್ ಎಂಬ ಮನಶ್ಶಾಸ್ತ್ರಜ್ಞೆ ಅಮೆರಿಕದಲ್ಲಿ ನೆಲೆಸಿದ ಚೀನೀ ತಾಯಂದಿರನ್ನು ಅಲ್ಲಿನ ಬಿಳಿಯ ತಾಯಂದಿರೊಡನೆ ಹೋಲಿಸಿ 1994ರಲ್ಲಿ ವಾದಿಸಿದ್ದೂ ಇದನ್ನೇ: ಇವರನ್ನು 'ದರ್ಪದ ಪೋಷಕರು' ಎಂಬ ಪಾಶ್ಚಾತ್ಯ ಖಾನೆಗೆ ತುಂಬಿದರೆ ಒಳಗಿರುವ ಆರೈಕೆ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಆ ಹುಡುಗಿ ಯಾಕೆ ಬರುವುದಿಲ್ಲ ಎಂಬುದು. ಕಾರಣ ಬಹುಮಟ್ಟಿಗೆ ಒಂದು ಪರೀಕ್ಷೆ. ಶಾಂಘೈನಲ್ಲಿ ಪ್ರಾಥಮಿಕ ಐದು ವರ್ಷ, ಆಮೇಲೆ ಆರರಿಂದ ಒಂಬತ್ತನೇ ತರಗತಿಯವರೆಗೆ ಮಾಧ್ಯಮಿಕ. ದೇಶದ ಹೆಚ್ಚಿನ ಕಡೆ ಇದು ಆರು ಮತ್ತು ಮೂರು. ಒಂಬತ್ತರ ಕೊನೆಗೆ, ಪ್ರೌಢಶಾಲೆಯ (ಹತ್ತರಿಂದ ಹನ್ನೆರಡನೇ ತರಗತಿ) ಪ್ರವೇಶಕ್ಕಾಗಿ, ಜೂನ್‌ನಲ್ಲಿ 'ಜೊಂಗ್‌ಖಾವ್' ನಡೆಯುತ್ತದೆ. ನಮ್ಮ ಎಸ್ಸೆಸ್ಸೆಲ್ಸಿ ತರಹ ಪಾಸಾದರೆ ಸಾಕು ಎನ್ನುವ ಹಾಗಿಲ್ಲ. ದೇಶದ ಮಟ್ಟದಲ್ಲಿ ಬಹಳ ವರ್ಷ ಸರಿಸುಮಾರು ಅರ್ಧದಷ್ಟು ಮಕ್ಕಳಿಗೆ ಮಾತ್ರ ಸಾಮಾನ್ಯ ಪ್ರೌಢಶಾಲೆಯ ಬಾಗಿಲು ತೆರೆಯುತ್ತಿತ್ತು, ಉಳಿದವರು ವೃತ್ತಿಶಿಕ್ಷಣಕ್ಕೆ ಹೋಗಬೇಕಿತ್ತು. ದೊಡ್ಡ ನಗರಗಳಲ್ಲಿ ಈಚೆಗೆ ಇದು ಸಡಿಲವಾಗಿದ್ದರೂ ಅಮ್ಮಂದಿರ ಎದೆಯೊಳಗಿನ ಭಯ ಸಡಿಲವಾಗಿಲ್ಲ. ಶಾಂಘೈನಲ್ಲಿ ಈಗಿನ ವ್ಯವಸ್ಥೆಯ ಪ್ರಕಾರ ಒಟ್ಟು 750 ಅಂಕ: ಚೀನೀ, ಗಣಿತ, ವಿದೇಶಿ ಭಾಷೆಗೆ ತಲಾ 150, ಉಳಿದದ್ದು ವಿಜ್ಞಾನ, ಇತಿಹಾಸ, ನೀತಿ ಮತ್ತು ಕಾನೂನಿಗೆ, ವ್ಯಾಯಾಮಕ್ಕೂ 30. ಸಂಜೆ ಕಾಲೊನಿಯ ಅಂಗಳದಲ್ಲಿ ಮಕ್ಕಳು ಹಗ್ಗ ಜಿಗಿಯುವುದು, ಓಡುವುದು ಕಂಡರೆ ಎಷ್ಟೋ ಸಲ ಅದೂ ಆ 30ರ ತಯಾರಿಯೇ.

ಈ ಮಕ್ಕಳ ತಂದೆತಾಯಂದಿರಲ್ಲಿ ಹೆಚ್ಚಿನವರು ತಾವೇ ಒಂಟಿ ಮಕ್ಕಳು. ಒಂದೇ ಮಗುವಿನ ನೀತಿ ಮುಗಿದದ್ದು 2015ರ ಕೊನೆಗೆ. ಅಪ್ಪನ ಕಡೆ ಇಬ್ಬರು, ಅಮ್ಮನ ಕಡೆ ಇಬ್ಬರು, ಜೊತೆಗೆ ಅಪ್ಪ-ಅಮ್ಮ: ಆರು ಜೋಡಿ ಕಣ್ಣು ಒಂದು ಹುಡುಗಿಯ ಮೇಲೆ. ಅಣ್ಣ ಓದಿದ, ತಮ್ಮ ಅಂಗಡಿ ನೋಡಿಕೊಂಡ ಎಂದು ನಿರೀಕ್ಷೆ ಹಂಚಿಕೊಳ್ಳಲು ಮನೆಯಲ್ಲಿ ಇನ್ನೊಬ್ಬರಿಲ್ಲ.

ಸರ್ಕಾರದ ನಿಯಮಗಳೂ ಗೊತ್ತಿರಲಿ, ಇಲ್ಲದಿದ್ದರೆ ಎಲ್ಲವನ್ನೂ ಆ ತಾಯಿಯ ತಲೆಗೆ ಕಟ್ಟುತ್ತೀರಿ. 2021ರಿಂದ ಫೋನನ್ನು ಶಾಲೆಯೊಳಗೆ ತರುವುದು ಸಾಮಾನ್ಯವಾಗಿ ನಿಷಿದ್ಧ. ಅದೇ ವರ್ಷ ಸೆಪ್ಟೆಂಬರ್ 1ರಿಂದ 18 ತುಂಬದವರಿಗೆ ಆನ್‌ಲೈನ್ ಆಟ ಶುಕ್ರ, ಶನಿ, ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ರಾತ್ರಿ 8ರಿಂದ 9ರವರೆಗೆ ಮಾತ್ರ. ನಿಮ್ಮ ಗುರುತಿನಲ್ಲಿ ಖಾತೆ ತೆರೆದು ಮಗಳಿಗೆ ಕೊಡಬೇಡಿ. ಅವಳ ಗೆಳತಿಯರೂ ಅದೇ ಫೋನಿಗೆ ಕೈ ಹಾಕುತ್ತಾರೆ, ಜಗಳ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ. 2021ರ ಜುಲೈನಲ್ಲಿ ಬಂದ ಹೊರೆ ಇಳಿಕೆಯ ನೀತಿಯಂತೆ ಮಾಧ್ಯಮಿಕ ಮಕ್ಕಳ ಬರವಣಿಗೆಯ ಮನೆಗೆಲಸ 90 ನಿಮಿಷ ಮೀರಬಾರದು, ಶಾಲೆಯ ವಿಷಯಗಳಿಗೆ ವಾರದ ಕೊನೆಯಲ್ಲಿ, ರಜೆಯಲ್ಲಿ ಟ್ಯೂಷನ್ ಸಂಸ್ಥೆಗಳು ಪಾಠ ನಡೆಸಬಾರದು. ಮಾಧ್ಯಮಿಕದವರು 9 ಗಂಟೆ ನಿದ್ದೆ ಮಾಡಬೇಕು, ರಾತ್ರಿ 10ಕ್ಕೆ ಮಲಗಬೇಕು ಎಂಬ ಸೂಚನೆಯೂ ಇದೆ. ಕಾಗದದಲ್ಲಿ ಹೀಗಿದ್ದರೂ ಪರೀಕ್ಷೆ ಬದಲಾಗದ್ದರಿಂದ ಕಲಿಕೆ ಮನೆಯೊಳಗೆ ಸರಿಯಿತು. ಅಮ್ಮನೇ ಪಕ್ಕದಲ್ಲಿ ಕೂತು ಹೆಚ್ಚುವರಿ ಲೆಕ್ಕ ಮಾಡಿಸುತ್ತಾಳೆ. ನಿಮ್ಮ ಕಣ್ಣಿಗೆ ಬಿಡುವಿನ ದಿನವಾಗಿ ಕಾಣುವ ಶನಿವಾರ ಆ ಮನೆಯಲ್ಲಿ ಪೂರ್ತಿ ತುಂಬಿರುತ್ತದೆ.

ಆದ್ದರಿಂದ ಕರೆಯುವ ಕ್ರಮ ಬದಲಾಯಿಸಿ. 'ಬಿಡುವಾದಾಗ ಬಾ' ಎಂಬ ನಮ್ಮ ಕರೆ ಇಲ್ಲಿ ಕರೆಯೇ ಅಲ್ಲ. ಹುಡುಗಿಗೆ ಹೇಳುವುದರ ಬದಲು ತಾಯಿಗೆ ಇಲ್ಲಿನ ಸಂದೇಶದ ಆ್ಯಪ್ ವೀಚಾಟ್‌ನಲ್ಲಿ ಬರೆಯಿರಿ, ಹತ್ತು ದಿನ ಮುಂಚೆ. ದಿನ, ಶುರುವಾಗುವ ಹೊತ್ತು, ಮುಗಿಯುವ ಹೊತ್ತು ಮೂರೂ ಇರಲಿ; ಭಾನುವಾರ ಮಧ್ಯಾಹ್ನ 2ರಿಂದ 4 ಒಳ್ಳೆಯದು. ಯಾರು ಮನೆಯಲ್ಲಿರುತ್ತಾರೆ, ಏನು ಮಾಡುತ್ತಾರೆ ತಿಳಿಸಿ. 'ಇಂಗ್ಲಿಷ್‌ನಲ್ಲಿ ಮಾತಾಡುತ್ತ ಚಪಾತಿ ಮಾಡುತ್ತಾರೆ' ಎಂದರೆ ಒಪ್ಪಿಗೆ ಬೇಗ ಸಿಗುತ್ತದೆ, ಇಂಗ್ಲಿಷಿಗೂ 150 ಅಂಕವಿದೆಯಲ್ಲ. ನವೆಂಬರ್ ಆರಂಭ, ಏಪ್ರಿಲ್ ಕೊನೆ, ಜನವರಿ, ಜೂನ್ ಈ ನಾಲ್ಕು ಪರೀಕ್ಷೆಯ ಕಾಲಗಳಲ್ಲಿ ಕೇಳಲೇಬೇಡಿ. 4 ಗಂಟೆ ಅಂದರೆ 4ಕ್ಕೆ ಕಳಿಸಿಕೊಡಿ. ಮೊದಲ ಸಲ ಹೊತ್ತಿಗೆ ಸರಿಯಾಗಿ ಕಳಿಸಿದರೆ ಎರಡನೇ ಸಲ ಅವರೇ ಕೇಳುತ್ತಾರೆ.

ತರಗತಿಯ ಪೋಷಕರ ಗುಂಪಿನಲ್ಲಿ ನಿಮ್ಮ ಹೆಸರಿನ ಜಾಗದಲ್ಲಿ ಮಗಳ ಹೆಸರು ಹಾಕಿ ಪಕ್ಕದಲ್ಲಿ 'ಮಾಮಾ' ಎಂದು ಸೇರಿಸಿ. ಕನ್ನಡದ ಕಿವಿಗೆ ವಿಚಿತ್ರ, ಆದರೆ ಚೀನೀಯಲ್ಲಿ ಮಾಮಾ ಎಂದರೆ ಅಮ್ಮ. ನೀವೂ ಇತರರನ್ನು ಹಾಗೇ ಕರೆಯಿರಿ. ತರಗತಿಯ ಜವಾಬ್ದಾರಿ ಹೊತ್ತ ಶಿಕ್ಷಕರಿಗೆ 'ಬಾನ್ ಜೂರೆನ್' ಎನ್ನುತ್ತಾರೆ; ಅವರ ಸೂಚನೆಗೆ ಉತ್ತರ ಕೇಳಿದ್ದರೆ 'ತಲುಪಿತು' ಎನ್ನುವ 'ಶೌದಾವ್' ಒಂದೇ ಪದ ಸಾಕು. ಹಬ್ಬದ ಶುಭಾಶಯದ ಚಿತ್ರಗಳನ್ನು ಅಲ್ಲಿ ಹಾಕಬೇಡಿ, ಮಗಳ ಅಂಕದ ಪ್ರಶ್ನೆಯನ್ನು ಪ್ರತ್ಯೇಕವಾಗಿ ಕೇಳಿ.

ಮಗಳನ್ನು ಅವರ ಮನೆಗೆ ಕಳಿಸುವಾಗ ಒಂದು ಹಣ್ಣಿನ ಡಬ್ಬಿ ಕೊಟ್ಟು ಕಳಿಸಿ. ಗೆಳತಿಯ ತಾಯಿ 'ಆಯೀ', ತಂದೆ 'ಶೂಶು', ಅಪ್ಪನ ಅಪ್ಪ-ಅಮ್ಮ 'ಯೇಯೆ', 'ನಾಯ್ನಾಯ್', ಅಮ್ಮನ ಕಡೆಯವರು 'ವಾಯ್‌ಗೊಂಗ್', 'ವಾಯ್‌ಪೊ'. ಒಳಗೆ ಕಾಲಿಡುತ್ತಲೇ ದೊಡ್ಡವರನ್ನು ಒಬ್ಬೊಬ್ಬರನ್ನಾಗಿ ಹೀಗೆ ಕರೆದು ಮಾತಾಡಿಸಬೇಕು. ಇದೊಂದು ತಪ್ಪಿದರೆ ಮಗು ಎಷ್ಟೇ ಜಾಣೆಯಾದರೂ ಸಂಸ್ಕಾರವಿಲ್ಲ ಎಂದುಕೊಳ್ಳುತ್ತಾರೆ. ನೀವು ಸಸ್ಯಾಹಾರಿಗಳಾಗಿದ್ದರೆ 'ಮಾಂಸ ಬೇಡ' ಎನ್ನುವುದು ಸಾಲದು. ಮಾಂಸದ ಸಾರು, ಹಂದಿ ಕೊಬ್ಬು, ಒಣ ಸಿಗಡಿ, ಕೋಳಿಯ ಪುಡಿ, ಸಿಂಪಿಯ ಸಾಸ್ ಇಷ್ಟನ್ನೂ ಚೀನೀಯಲ್ಲಿ ಪಟ್ಟಿ ಮಾಡಿ ಹಿಂದಿನ ದಿನವೇ ಕಳಿಸಿ. ಅಡುಗೆ ಮಾಡುವುದು ಹೆಚ್ಚಾಗಿ ಅಜ್ಜಿ, ಅವರಿಗೆ ಇವೆಲ್ಲ ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. ವಸಂತ ಹಬ್ಬದಲ್ಲಿ, ಅಂದರೆ ಚೀನೀ ಹೊಸವರ್ಷಕ್ಕೆ, ಹಣವಿಟ್ಟ ಕೆಂಪು ಲಕೋಟೆ ಕೊಟ್ಟರೆ ಎರಡೂ ಕೈಯಿಂದ ತೆಗೆದುಕೊಂಡು ಅವರ ಎದುರು ಬಿಚ್ಚದಿರಲಿ, ಅಷ್ಟೇ ಮೊತ್ತ ನೀವು ಅವರ ಮಗುವಿಗೆ ಕೊಡಿ, ಇಲ್ಲಿ ಅಶುಭವೆನ್ನುವ ನಾಲ್ಕು ಎಂಬ ಅಂಕಿ ತಪ್ಪಿಸಿ.

'ದಡ್ಡಿ, ಸೋಮಾರಿ' ಎಂಬ ಮಾತಿಗೆ ಬರೋಣ. ತನ್ನ ಮಗುವನ್ನು ಇನ್ನೊಬ್ಬರ ಎದುರು ಹೊಗಳುವುದು ಇಲ್ಲಿ ಜಂಬ. ನಮ್ಮಲ್ಲಿ ದೃಷ್ಟಿಯಾದೀತೆಂದು ಕಪ್ಪು ಬೊಟ್ಟಿಡುವ ಹಾಗೆ ಇವರು ಮಾತಿನಲ್ಲಿ ಮಗುವನ್ನು ಕೆಳಗಿಡುತ್ತಾರೆ. ಅದಕ್ಕೆ ತಲೆಯಾಡಿಸಬೇಡಿ. 'ಇಲ್ಲ, ನಿಮ್ಮ ಮಗಳು ನನ್ನ ಮಗಳಿಗೆ ಚೀನೀ ಅಕ್ಷರ ಕಲಿಸುತ್ತಿದ್ದಾಳೆ' ಎಂದು ಖಚಿತವಾದ ಒಂದು ಸಂಗತಿ ಹಿಡಿದು ಮೆಚ್ಚಿ. ಆ ಹುಡುಗಿ ಕೇಳಿಸಿಕೊಳ್ಳುವಂತೆ ಹೇಳಿ, ಅವಳಿಗೆ ಮನೆಯಲ್ಲಿ ಸಿಗದ ಮಾತು ಅದು. ಪ್ರೀತಿಯನ್ನು ಬೇರೆ ಕಡೆ ನೋಡಿ: ರಾತ್ರಿ ಓದುವ ಮೇಜಿಗೆ ಸಿಪ್ಪೆ ತೆಗೆದು ಹೆಚ್ಚಿದ ಹಣ್ಣಿನ ತಟ್ಟೆ ಬರುತ್ತದೆ, ಬೆಳಿಗ್ಗೆ ಬಿಸಿನೀರು ತುಂಬಿದ ಬಾಟಲಿ ಚೀಲದಲ್ಲಿರುತ್ತದೆ. ಬೈದ ಮೇಲೆ ಕ್ಷಮೆ ಕೇಳುವುದು ಕಡಿಮೆ, 'ಊಟಕ್ಕೆ ಬಾ' ಎಂದು ಕರೆಯುವುದೇ ರಾಜಿ.

ಹಾಗೆಂದು ಎಲ್ಲವನ್ನೂ ಮಮತೆಯೆಂದು ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ. ಗುವಾನ್ ಕೆಡುವ ಜಾಗಗಳಿವೆ. 'ವೇಯ್ ನೀ ಹಾವ್', ಅಂದರೆ ನಿನ್ನ ಒಳ್ಳೆಯದಕ್ಕೇ, ಎಂದು ಪ್ರತಿ ಮಾತಿಗೂ ಹೇಳಿ ಮಗುವಿನಲ್ಲಿ ತಪ್ಪಿತಸ್ಥ ಭಾವ ಬೆಳೆಸುವುದು ಒಂದು. 'ಬೇರೆಯವರ ಮನೆ ಮಗು' ಎಂಬ ಹೋಲಿಕೆ ಇನ್ನೊಂದು; ಚೀನೀಯಲ್ಲಿ ಅದೇ ಒಂದು ನುಡಿಗಟ್ಟಾಗಿದೆ. ಹೊತ್ತು ಗೊತ್ತುಮಾಡುವುದು, ನಿದ್ದೆ ಕಾಯುವುದು ಮಗುವನ್ನು ಮುರಿಯುವುದಿಲ್ಲ. ನಾಚಿಕೆಪಡಿಸಿ ಬಗ್ಗಿಸುವುದು ಚೀನೀ ಮಕ್ಕಳನ್ನೂ ಮುರಿಯುತ್ತದೆ. ಮಗುವಿನ ದಿನಚರಿ, ಚಾಟ್ ತೆರೆದು ಓದುವ ಅಭ್ಯಾಸವೂ ಇದೆ, 2021ರಲ್ಲಿ ಪರಿಷ್ಕೃತವಾಗಿ ಜಾರಿಗೆ ಬಂದ ಅಪ್ರಾಪ್ತರ ರಕ್ಷಣಾ ಕಾನೂನು ಎಂಟು ತುಂಬಿದ ಮಗುವಿನ ಪತ್ರ, ದಿನಚರಿ ತೆರೆಯಲು ತಂದೆತಾಯಿಗೂ ಸಾಮಾನ್ಯವಾಗಿ ಹಕ್ಕು ಕೊಡದಿದ್ದರೂ. ಹುಡುಗ-ಹುಡುಗಿಯ ಸಲಿಗೆಗೆ 'ಜಾವ್ ಲ್ಯಾನ್', ಅಕಾಲದ ಪ್ರೇಮ, ಎಂಬ ಹೆಸರಿದೆ. ಗುಂಪಿನಲ್ಲಿ ಓದಿದರೆ ಯಾರೂ ಕೇಳುವುದಿಲ್ಲ. ಇಬ್ಬರೇ ತಡರಾತ್ರಿ ಸಂದೇಶ ಕಳಿಸಿಕೊಂಡರೆ ಎರಡೂ ಮನೆಗೆ ಶಾಲೆಯಿಂದ ಕರೆ ಬರಬಹುದು, ಮಗಳಿಗೆ ಮೊದಲೇ ಹೇಳಿಡಿ.

ಇಲ್ಲಿ 'ಒಳ್ಳೆಯ ಮಗು' ಎನ್ನಲು 'ಥಿಂಗ್‌ಹುವಾ' ಎನ್ನುತ್ತಾರೆ, ನಮ್ಮ 'ಮಾತು ಕೇಳುವ ಮಗು' ಅಕ್ಷರಶಃ ಅದೇ. ಹೀಗೆ ಬೆಳೆದ ಹುಡುಗಿ ಹದಿಮೂರು-ಹದಿನಾಲ್ಕಕ್ಕೆ ಸಿಟ್ಟಾದರೆ ಬಾಗಿಲು ಬಡಿಯುವುದು ಕಡಿಮೆ, ಮಾತು ನಿಲ್ಲಿಸುವುದು ಹೆಚ್ಚು. ನಿಮ್ಮ ಮಗಳು ಈ ಗೆಳತಿಯ ಬಗ್ಗೆ 'ಊಟ ಬಿಟ್ಟಿದ್ದಾಳೆ, ಮೂರು ದಿನದಿಂದ ಶಾಲೆಗೆ ಬರಲು ಒಲ್ಲೆ ಅನ್ನುತ್ತಿದ್ದಾಳೆ, ಸಾಯಬೇಕು ಅಂದಳು' ಎಂದರೆ ಗುಟ್ಟೆಂದು ಸುಮ್ಮನಿರಬೇಡಿ. ಅದೇ ದಿನ ಬಾನ್ ಜೂರೆನ್‌ಗೆ ಗುಂಪಿನಲ್ಲಿ ಬರೆಯದೆ ನೇರವಾಗಿ ಫೋನ್ ಮಾಡಿ. 12355 ಹದಿಹರೆಯದವರ ಸಹಾಯವಾಣಿ, 12356 ಮಾನಸಿಕ ನೆರವಿನದು. ಚೀನೀ ಬಲ್ಲ ಯಾರಾದರೂ ಪಕ್ಕದಲ್ಲಿರಲಿ.

ನಿಮ್ಮ ಮಗಳ ವಿಷಯದಲ್ಲಿ ಮೊದಲು ತೀರ್ಮಾನವಾಗಬೇಕಾದದ್ದು ಅವಳು ಒಂಬತ್ತರ ತನಕ ಇಲ್ಲಿರುತ್ತಾಳೆಯೇ ಎಂಬುದು. ವಿದೇಶಿ ಮಕ್ಕಳಿಗೆ ಮುಂದಿನ ದಾರಿ ಯಾವುದು ಎಂದು ಶಾಲೆಯಿಂದ ಈ ಅವಧಿಯಲ್ಲೇ ಬರವಣಿಗೆಯಲ್ಲಿ ಕೇಳಿ. ಎರಡು ವರ್ಷಕ್ಕೆ ಮೈಸೂರಿಗೆ ಮರಳುವುದಾದರೆ ಜೊಂಗ್‌ಖಾವ್‌ನ ವೇಗಕ್ಕೆ ಅವಳನ್ನು ಓಡಿಸಬೇಡಿ. ದಿನಕ್ಕೆ 40 ನಿಮಿಷ ಚೀನೀ ಅಕ್ಷರ, ಗಣಿತಕ್ಕೆ ತರಗತಿಯ ಮನೆಗೆಲಸ, ವಾರಕ್ಕೆ ಎರಡು ಸಲ ಕನ್ನಡ ಓದು ಸಾಕು. ರಾತ್ರಿ ಹತ್ತಕ್ಕೆ ಮಲಗುವುದನ್ನು ಮಾತ್ರ ಆ ಗೆಳತಿಯ ತಾಯಿಯಿಂದ ಹಾಗೇ ತೆಗೆದುಕೊಳ್ಳಿ, ಫೋನ್ ಹಜಾರದಲ್ಲಿಡುವುದನ್ನೂ. ನಿಮ್ಮ ಫೋನೂ ಅಲ್ಲೇ ಇರಲಿ.